ಕಾರಣದ ಕಾಲಂ

ಅಪ್ಪಾಜಿ ಮೇಷ್ಟ್ರು ಹಾಸನದ ಉತ್ತರ ಬಡಾವಣೆಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸಮುದಾಯದವರಿಗೆಂದು ಒಂದು ವಧೂವರ ಮಾಹಿತಿ ಕೇಂದ್ರ ಇಟ್ಟುಕೊಂಡಿದ್ದರು. ಕೇಂದ್ರ ಅಂದರೆ ಒಂದು ಮೇಜು, ಎರಡು ಬೀರು, ಗೋಡೆಗೊಂದು ಪಂಚಾಂಗ; ಉಳಿದ ಜಾಗವನ್ನೆಲ್ಲ ಮೇಷ್ಟ್ರ ಅಭಿಪ್ರಾಯ ತುಂಬಿತ್ತು. ಈಗಿನ ಹುಡುಗಿಯರಿಗೆ ಕಣ್ಣು ನೆತ್ತಿಗೇರಿದೆ, ಅದಕ್ಕೇ ನಮ್ಮ ಗಂಡುಮಕ್ಕಳು ತಲೆಗೂದಲು ಉದುರುವವರೆಗೂ ಮೂಲೆ ಹಿಡಿದು ಕೂತಿದ್ದಾರೆ ಎಂಬುದು ಆ ಅಭಿಪ್ರಾಯ. ಜಾತಕ ಕೊಡಲು ಬಂದ ಹೆಣ್ಣಿನ ಅಪ್ಪಂದಿರು ಇದನ್ನು ತಲೆ ತಗ್ಗಿಸಿಕೊಂಡು ಕೇಳಿ, ಫೋಟೊ ಕೊಟ್ಟು ಎದ್ದು ಹೋಗುತ್ತಿದ್ದರು.

2004ರಲ್ಲಿ ಚನ್ನರಾಯಪಟ್ಟಣದ ಕಲ್ಯಾಣಮಂಟಪವೊಂದರಲ್ಲಿ ವಧೂವರರ ಸಮಾವೇಶ ನಡೆಸುವುದೆಂದು ನಿಶ್ಚಯವಾಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಸುತ್ತಮುತ್ತಲಿನವರೆಲ್ಲ ಬರುವುದಿತ್ತು. ಬರೀ ಬಾಯಿಮಾತು ಸಾಲದು, ಅಂಕಿಅಂಶ ಬೇಕು, ಅದನ್ನು ಪರದೆಯ ಮೇಲೆ ತೋರಿಸಬೇಕು ಎಂದು ಮೇಷ್ಟ್ರ ತಮ್ಮನ ಮಗ ಮುರಳೀಕೃಷ್ಣ ಹೇಳಿದ. ಅವನು ವಿಮೆ ಮಾರುವ ಕಂಪನಿಯೊಂದರಲ್ಲಿ ಅಧಿಕಾರಿ. ಮೂವತ್ತಮೂರು ವಯಸ್ಸು, ಸ್ವಂತ ಕಾರು, ಮಾತಿಗೊಮ್ಮೆ 'ಪ್ರೊಫೆಷನಲ್ ಆಗಿ ಮಾಡೋಣ' ಅನ್ನುವ ಚಟ. ಮದುವೆ ಮಾತ್ರ ಆಗಿರಲಿಲ್ಲ. ಆ ಅಂಕಿಅಂಶ ಸಿದ್ಧ ಮಾಡುವವರು ಯಾರು ಎಂಬ ಪ್ರಶ್ನೆ ಬಂದಾಗ ಮೇಷ್ಟ್ರಿಗೆ ರಂಗನಾಯಕಿಯ ನೆನಪಾಯಿತು.

ರಂಗನಾಯಕಿ ಹೊಳೆನರಸೀಪುರದವಳು. ತಂದೆ ಮೇಷ್ಟ್ರ ಜೊತೆಯಲ್ಲಿ ಪಾಠ ಮಾಡಿದವರು, ಈಗ ಇಲ್ಲ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹಾಸನಕ್ಕೆ ಬಂದು, ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಎಕ್ಸೆಲ್ ಕಲಿಸಿ ಸಂಜೆ ಹಿಂತಿರುಗುತ್ತಿದ್ದಳು. ಮೂವತ್ತೊಂದಾಗಿತ್ತು. ಅವಳ ಜಾತಕವೂ ಮೇಷ್ಟ್ರ ಬೀರುವಿನಲ್ಲೇ ಇತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಅವಳ ಮುಂಗೈಯ ಬಿಳಿ ಮಚ್ಚೆ ನೋಡಿ, 'ತಿಳಿಸ್ತೀವಿ' ಅಂದು ಹೋಗುತ್ತಿದ್ದರು. ಅದು ಚಿಕ್ಕಂದಿನಲ್ಲಿ ಒಲೆಯ ಬೆಂಕಿ ತಾಗಿ ಆದದ್ದು ಎಂದು ಅವಳ ತಾಯಿ ಅನಸೂಯಮ್ಮ ಮೊದಮೊದಲು ವಿವರಿಸುತ್ತಿದ್ದರು, ಆಮೇಲೆ ವಿವರಿಸುವುದನ್ನು ಬಿಟ್ಟರು. ರಂಗನಾಯಕಿಗೆ ಬಂದುಹೋದವರ ಬಗ್ಗೆ ದುಃಖವೇನೂ ಉಳಿದಿರಲಿಲ್ಲ. ಉಳಿದದ್ದು ತಾತ್ಸಾರ. ಪರಾತ ಖಾಲಿ ಮಾಡಿ ಹೋಗುವ ಈ ಜನ ಮನುಷ್ಯರ ಬೆಲೆ ಕಟ್ಟಲು ಬರುತ್ತಾರಲ್ಲ ಎಂಬ ತಾತ್ಸಾರ. ಅದನ್ನು ಅವಳು ಜೋಪಾನವಾಗಿ ಸಾಕಿಕೊಂಡಿದ್ದಳು.

"ಮಾಡ್ಕೊಡೇ, ನಾಲ್ಕು ಜನರ ಕಣ್ಣಿಗೆ ಬೀಳ್ತೀಯ," ಎಂದರು ಅನಸೂಯಮ್ಮ.

"ಬಿದ್ದಿದ್ದು ಸಾಲದಾ ಅಮ್ಮ?" ಅಂದಳು. ಆದರೂ ಒಪ್ಪಿಕೊಂಡಳು. ತಂದೆಯ ಹೆಸರು ಹೇಳಿ ಕೇಳಿದ ಮೇಲೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಮೇಷ್ಟ್ರು ಆರು ವರ್ಷದ ಕಡತಗಳನ್ನು ಸೆಂಟರಿಗೆ ಕಳಿಸಿದರು. ಯಾರು ಯಾರನ್ನು ನೋಡಿದರು, ಏನಾಯಿತು, ಬೇಡವೆಂದವರು ಯಾರು, ಯಾಕೆ, ಎಲ್ಲವನ್ನೂ ಅವರು ಬರೆದಿಟ್ಟಿದ್ದರು. ರಂಗನಾಯಕಿ ಒಂದೊಂದು ಸಂಬಂಧವನ್ನೂ ಒಂದೊಂದು ಸಾಲಾಗಿ ಟೈಪ್ ಮಾಡುತ್ತ ಹೋದಳು: ಹುಡುಗಿ, ಹುಡುಗ, ಊರು, ವಯಸ್ಸು, ಓದು, ಬೇಡವೆಂದವರು, ಕಾರಣ. ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಳು, ಏಕೆಂದರೆ ಕನ್ನಡ ಅಕ್ಷರ ಹಾಕಿದರೆ ಎಕ್ಸೆಲ್ಲಿನ ಪಟ್ಟಿಗಳಲ್ಲಿ ಅದು ಸೊಟ್ಟಪಟ್ಟ ಗುರುತುಗಳಾಗಿ ಕಾಣುತ್ತಿತ್ತು. ಗಂಡಿನ ಕಡೆಯವರ ಕಾರಣಗಳು ಬೇಕಾದಷ್ಟಿದ್ದವು. ಕಪ್ಪು, ಸ್ವಲ್ಪ ಕಪ್ಪು, ಬಣ್ಣ ಕಡಿಮೆ, ಫೋಟೊದಲ್ಲಿದ್ದ ಹಾಗಿಲ್ಲ. ಇವು ನಾಲ್ಕೂ ಒಂದೇ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಬೇರೆ ಬೇರೆಯಾಗಿಯೇ ಎಣಿಸುತ್ತದೆ. ಅದಕ್ಕಾಗಿ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ ಎಲ್ಲಕ್ಕೂ 'ಬಣ್ಣ' ಎಂದು ಹಾಕಿದಳು. ತನ್ನ ಸಾಲುಗಳು ಬಂದಾಗಲೂ ಕೈ ನಿಲ್ಲಿಸಲಿಲ್ಲ. 'ಚರ್ಮದ ಕಾಯಿಲೆ ಇರಬಹುದು' ಎಂದು ಮೇಷ್ಟ್ರ ದುಂಡಕ್ಷರದಲ್ಲಿತ್ತು. ಹಾಗೆಯೇ ಹೊಡೆದಳು.

ಹೆಣ್ಣಿನ ಕಡೆಯವರು ಬೇಡವೆಂದ ಕಡೆ ಮಾತ್ರ ಕಾರಣವೇ ಇರಲಿಲ್ಲ. 'ಹುಡುಗಿ ಒಪ್ಪಲಿಲ್ಲ' ಎಂದಷ್ಟೇ. ಮೇಷ್ಟ್ರಿಗೆ ಅದಕ್ಕಿಂತ ಹೆಚ್ಚು ತಿಳಿಯುವ ಅಗತ್ಯ ಕಂಡಿರಲಿಲ್ಲ. ಖಾಲಿ ಬಿಟ್ಟರೆ ಲೆಕ್ಕದ ಟೇಬಲ್ಲಿನಲ್ಲಿ ಅದು ಖಾಲಿ ಎಂದೇ ಎಣಿಕೆಯಾಗುತ್ತದೆ. ಆದ್ದರಿಂದ ರಂಗನಾಯಕಿ ಸೆಂಟರಿನ ಫೋನಿನಿಂದ ಆ ಹುಡುಗಿಯರನ್ನೇ ಒಬ್ಬೊಬ್ಬರಾಗಿ ಕೇಳಿದಳು. ಮೊದಲು ಎಲ್ಲರೂ ಹಿಂಜರಿಯುವವರೇ. "ಹೆಸರು ಎಲ್ಲೂ ಬರಲ್ಲ, ಬರೀ ಲೆಕ್ಕ ಬರುತ್ತೆ, ನಾನು ಹೇಳ್ತಿದೀನಲ್ಲ," ಎಂದು ಅವಳು ಮಾತು ಕೊಟ್ಟ ಮೇಲೆ ಬಾಯಿ ಬಿಟ್ಟರು. ಬಾಗೂರಿನ ಸಂಹಿತಾ ಎಂಬ ಹುಡುಗಿ, ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಟೀಚರು, ದನಿ ತಗ್ಗಿಸಿ ಹೇಳಿದಳು.

"ಅಕ್ಕ, ಇಬ್ಬರೇ ಮಾತಾಡ್ಕೊಳ್ಳಿ ಅಂತ ನಮ್ಮನ್ನ ಹಿತ್ತಲಿಗೆ ಕಳಿಸಿದ್ರು. ಆಗ ಅವರು, ಮಕ್ಕಳಾಗುತ್ತೆ ಅಂತ ಡಾಕ್ಟರ್ ಸರ್ಟಿಫಿಕೇಟ್ ತಂದುಕೊಟ್ಟರೆ ಮುಂದುವರಿಯೋಣ ಅಂದ್ರು. ಆಮೇಲೆ ತಕರಾರು ಬೇಡ, ಪ್ರೊಫೆಷನಲ್ ಆಗಿ ಮಾಡೋಣ ಅಂದ್ರು."

ಹುಡುಗ ಯಾರು ಎಂದು ಕೇಳಬೇಕಾಗಿರಲಿಲ್ಲ. ಸಾಲಿನಲ್ಲಿ ಹೆಸರಿತ್ತು: ಮುರಳೀಕೃಷ್ಣ.

"ಮನೇಲಿ ಹೇಳಿದ್ಯಾ?"

"ಇಲ್ಲ ಅಕ್ಕ. ಹೇಗೆ ಹೇಳೋದು ಅದನ್ನ? ಅಹಂಕಾರ ಅಂತ ಅಪ್ಪ ಈಗಲೂ ಬೈತಾರೆ. ಬೈಯಲಿ."

ರಂಗನಾಯಕಿ ಅದನ್ನೂ ಅವಳ ಮಾತಿನಲ್ಲೇ ಟೈಪ್ ಮಾಡಿದಳು.

ಕೆಲಸ ಮುಗಿದ ದಿನ ಮೇಷ್ಟ್ರೂ ಮುರಳೀಕೃಷ್ಣನೂ ಸೆಂಟರಿಗೆ ಬಂದರು. ರಂಗನಾಯಕಿ ಪಿವೋಟ್ ಟೇಬಲ್ ತೆರೆದು ತೋರಿಸಿದಳು. 'ಬೇಡವೆಂದವರು' ಎಂಬುದನ್ನು ಎಳೆದು ಎಡಗಡೆ ಬಿಟ್ಟಳು, ಕಾರಣದ ಗುಂಪನ್ನು ಎಳೆದು ಮೇಲುಗಡೆ ಬಿಟ್ಟಳು, ನಡುವೆ ಎಣಿಕೆ ಹಾಕಿದಳು. ಅಷ್ಟುದ್ದದ ಪಟ್ಟಿ ಕ್ಷಣದಲ್ಲಿ ಅಂಗೈಯಗಲದ ಕೋಷ್ಟಕವಾಗಿ ಕುಳಿತಿತು. ಊರನ್ನು ಎಳೆದು ಬಿಟ್ಟರೆ ಊರಿನ ಲೆಕ್ಕ, ಓದನ್ನು ಎಳೆದು ಬಿಟ್ಟರೆ ಓದಿನ ಲೆಕ್ಕ.

"ಅಂದ್ರೆ ಎಣಿಸೋದೆಲ್ಲ ಅದೇ," ಅಂದರು ಮೇಷ್ಟ್ರು. "ಹಾಗಾದ್ರೆ ಇಷ್ಟು ದಿನ ನೀನು ಮಾಡಿದ್ದೇನಮ್ಮ?"

"ಕಾಯ್ತಾ ಕೂತಿದ್ದೆ ಮೇಷ್ಟ್ರೇ," ಅಂದಳು ರಂಗನಾಯಕಿ.

ಮೇಷ್ಟ್ರು ಕನ್ನಡಕ ಏರಿಸಿ ಕೋಷ್ಟಕ ನೋಡಿದರು. ಮುರಿದುಬಿದ್ದ ಸಂಬಂಧಗಳಲ್ಲಿ ಮುಕ್ಕಾಲುಪಾಲನ್ನು ಬೇಡವೆಂದವರು ಗಂಡಿನ ಕಡೆಯವರೇ ಆಗಿದ್ದರು. ಅದರಲ್ಲೂ ಬಣ್ಣಕ್ಕೇ ಹೆಚ್ಚು. ಮೇಷ್ಟ್ರು ಆರು ವರ್ಷ ಹೇಳಿಕೊಂಡು ಬಂದ ಮಾತು ಅವರದೇ ಕೈಬರಹದಿಂದ ಹೊರಟು ತಲೆಕೆಳಗಾಗಿ ನಿಂತಿತ್ತು.

"ಎಲ್ಲೋ ತಪ್ಪಾಗಿದೆ," ಎಂದರು.

"ಯಾವ ಸಾಲು ತಪ್ಪು ಅಂತ ಹೇಳಿ, ತಿದ್ತೀನಿ."

ಮುರಳೀಕೃಷ್ಣ ಕುರ್ಚಿ ಎಳೆದುಕೊಂಡು ಮೌಸು ತನ್ನ ಕೈಗೆ ತೆಗೆದುಕೊಂಡ. ಆಯ್ಕೆಯ ಬಾಣದ ಗುರುತು ಒತ್ತಿ, 'ವರನ ಕಡೆ' ಎಂಬುದರ ಮುಂದಿದ್ದ ಗುರುತನ್ನು ತೆಗೆದ. ಮುಕ್ಕಾಲುಪಾಲು ಮಾಯವಾಗಿ, ಹುಡುಗಿಯರು ಬೇಡವೆಂದ ಸಂಬಂಧಗಳಷ್ಟೇ ಉಳಿದವು.

"ಈಗ ನೋಡಿ ದೊಡ್ಡಪ್ಪ. ಇದರಲ್ಲಿ ಸುಳ್ಳೇನಿಲ್ಲ, ಇರೋ ಅಂಕಿನೇ. ಎಲ್ಲಾನೂ ಎಲ್ಲರಿಗೂ ತೋರಿಸಬೇಕು ಅಂತ ಏನಿದೆ?"

ಮೇಷ್ಟ್ರ ಮುಖಕ್ಕೆ ಕಳೆ ಬಂತು. ರಂಗನಾಯಕಿ ಇಬ್ಬರನ್ನೂ ನೋಡಿದಳು. ಅವಳಿಗೆ ಆಶ್ಚರ್ಯವಾಗಲಿಲ್ಲ. ಅಂಕಿಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ ಕೊಡುತ್ತೇನೆ ಎಂದಳು. ಮುರಳೀಕೃಷ್ಣ ಒಪ್ಪಲಿಲ್ಲ. ಜನರ ಮುಂದೆ ಎಳೆದು ತಿರುಗಿಸಿ ತೋರಿಸಬೇಕು, ಈ ಟೇಬಲ್ಲೇ ಬೇಕು ಎಂದ.

ಹೆಸರುಗಳಿದ್ದ ಹಾಳೆಯನ್ನು ಅವಳು ಅಳಿಸಿದಳು. ಆದರೆ ಇಂಥ ಟೇಬಲ್ಲು ಮೂಲದ ಸಾಲುಗಳನ್ನೆಲ್ಲ ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತದೆ. ಯಾವುದಾದರೂ ಅಂಕಿಯ ಮೇಲೆ ಎರಡು ಸಲ ಒತ್ತಿದರೆ, ಆ ಅಂಕಿ ಯಾವ ಯಾವ ಸಾಲಿನಿಂದ ಬಂತೋ ಅಷ್ಟನ್ನೂ ಹೊಸ ಹಾಳೆಯಲ್ಲಿ ಹರವಿ ತೋರಿಸುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ತೋರಿಸದಂತೆ ತಡೆ ಹಾಕುವ ದಾರಿಯೂ ಗೊತ್ತಿತ್ತು. ಅರ್ಧ ನಿಮಿಷದ ಕೆಲಸ.

"ಅಂಕಿ ಮೇಲೆ ಎರಡು ಸಲ ಒತ್ತಬೇಡಿ," ಎಂದಳು.

"ಟೈಪಿಂಗ್ ಟೀಚರ್ ಹತ್ರ ಮೌಸ್ ಹಿಡಿಯೋದು ಕಲೀಬೇಕಾಯ್ತಲ್ಲ ದೊಡ್ಡಪ್ಪ," ಎಂದು ಮುರಳೀಕೃಷ್ಣ ನಕ್ಕ. ಮೇಷ್ಟ್ರೂ ನಕ್ಕರು.

ರಂಗನಾಯಕಿಯ ಕೈ ಅಲ್ಲಿಗೇ ನಿಂತಿತು. ಕೀಲಿಮಣೆಯಲ್ಲಿ ಅಕ್ಷರವನ್ನು ಬೆರಳಿಟ್ಟು ಹುಡುಕುವವನು ಇವನು, ಇವನಿಗೆಲ್ಲಿ ಒಳಗಿರುವುದು ತಿಳಿಯಬೇಕು, ಇವನಿಗಾಗಿ ನಾನು ಇನ್ನೊಂದು ಗುಂಡಿ ಯಾಕೆ ಒತ್ತಲಿ ಎಂದುಕೊಂಡಳು. ಫೈಲನ್ನು ಹಾಗೆಯೇ ಸಿ.ಡಿ.ಗೆ ಹಾಕಿ ಕೊಟ್ಟುಬಿಟ್ಟಳು.

ಸಮಾವೇಶಕ್ಕೆ ಜನ ಚೆನ್ನಾಗಿ ಸೇರಿದ್ದರು. ಅನಸೂಯಮ್ಮ ಬಲವಂತ ಮಾಡಿ ಮಗಳಿಗೆ ರೇಷ್ಮೆ ಸೀರೆ ಉಡಿಸಿಕೊಂಡು ಬಂದಿದ್ದರು. ರಂಗನಾಯಕಿ ಅವರನ್ನು ಹೆಂಗಸರ ಸಾಲಿನಲ್ಲಿ ಕೂರಿಸಿ, ತಾನು ಸಭೆಯ ಹಿಂದೆ ಪ್ರೊಜೆಕ್ಟರಿನ ಹತ್ತಿರ ನಿಂತಳು. ಪ್ರೊಜೆಕ್ಟರು ಬಾಡಿಗೆಗೆ ತಂದಿದ್ದವನು ತಮ್ಮಯ್ಯ. ಹಳೇಕೋಟೆ ಕಡೆಯವನು, ಸೆಂಟರಿಗೂ ಆಗಾಗ ಬರುತ್ತಿದ್ದವನು.

"ಇದೇನ್ ಮೇಡಂ, ಎಣ್ಣು ಗಂಡು ನೋಡಾಕೂ ಸಿನಿಮಾ ಬೇಕಾ ನಿಮ್ಮೋರ್ಗೆ?" ಎಂದ ತಮ್ಮಯ್ಯ.

"ನೋಡ್ತಾ ಇರಿ," ಎಂದಳು.

ಮೇಷ್ಟ್ರು ಭಾಷಣ ಮಾಡಿ, ಸಮುದಾಯ ಯಾರಿಂದ ಕೆಡುತ್ತಿದೆ ಎಂಬುದನ್ನು ವೈಜ್ಞಾನಿಕವಾಗಿ ತೋರಿಸಲಾಗುವುದು ಎಂದರು. ಮುರಳೀಕೃಷ್ಣ ಲ್ಯಾಪ್‌ಟಾಪಿನ ಮುಂದೆ ನಿಂತ. ಮೊದಲು ವಯಸ್ಸನ್ನು ಎಳೆದು ನಡುವೆ ಬಿಟ್ಟ. ಟೇಬಲ್ಲು ತನ್ನ ರೂಢಿಯಂತೆ ಸರಾಸರಿ ತೆಗೆಯದೆ ಎಲ್ಲವನ್ನೂ ಕೂಡಿಸಿತು. "ಅರಕಲಗೂಡಿನ ವಧುಗಳ ವಯಸ್ಸು ಆರುನೂರ ಎಂಬತ್ತು," ಎಂದು ಅವನು ಗಂಭೀರವಾಗಿ ಓದಿದ. ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು, "ಅಷ್ಟು ವಯಸ್ಸಾದ ಮೇಲೆ ಮದುವೆ ಯಾಕಪ್ಪ," ಎಂದರು. ಸಭೆ ನಕ್ಕಿತು. ಮುರಳೀಕೃಷ್ಣನ ಕಿವಿ ಕೆಂಪಾಯಿತು. ಗಡಿಬಿಡಿಯಲ್ಲಿ ಮುಖ್ಯ ಕೋಷ್ಟಕಕ್ಕೆ ಬಂದ. ಹುಡುಗಿಯರು ಬೇಡವೆಂದ ಸಂಬಂಧಗಳು, ಕೊನೆಯಲ್ಲಿ ಒಟ್ಟು.

"ಕಾಣ್ತಿಲ್ಲ ಸ್ವಾಮಿ, ಅಂಕಿ ದೊಡ್ಡದು ಮಾಡಿ," ಎಂದು ಯಾರೋ ಹಿಂದಿನಿಂದ ಕೂಗಿದರು.

ಅವನು ದೊಡ್ಡದಾಗಲೆಂದು ಒಟ್ಟು ಅಂಕಿಯ ಮೇಲೆ ಎರಡು ಸಲ ಒತ್ತಿದ.

ಪರದೆಯ ಮೇಲೆ ಹೊಸ ಹಾಳೆ ಬಿಚ್ಚಿಕೊಂಡಿತು. ಹುಡುಗಿಯ ಹೆಸರು, ಹುಡುಗನ ಹೆಸರು, ಊರು, ಕಾರಣ. ಸಭೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಂದು ಹುಡುಗಿ ಗಟ್ಟಿಯಾಗಿ ಓದಿದಳು: "ಸಂಬಳ ಸುಳ್ಳು ಹೇಳಿದರು." ಪಕ್ಕದವಳು ಮುಂದಿನದನ್ನು ಓದಿದಳು: "ಅಮ್ಮನಿಗೆ ಸೊಂಟ ನೋವು, ಅದಕ್ಕೇ ಮದುವೆ ಅಂದರು." ಆಮೇಲೆ ಸಭೆಯೇ ಓದತೊಡಗಿತು. ಆಗಲೇ ಬೇರೆಯವಳ ಜೊತೆ ನಿಶ್ಚಯವಾಗಿತ್ತು. ಕೆಲಸ ಬಿಡಬೇಕು ಆದರೆ ಈವರೆಗಿನ ಉಳಿತಾಯ ತರಬೇಕು. ಮೂಗು ಮುರಿದು ನಮ್ಮ ಅಪ್ಪನ ಪಂಚೆ ನೋಡಿ ನಕ್ಕರು. ಗಂಡುಮಕ್ಕಳ ತಾಯಂದಿರು ಎದ್ದು ನಿಂತು ತಮ್ಮ ಮಗನ ಹೆಸರು ಹುಡುಕಿದರು. ಸಿಕ್ಕವರು ಕೂತರು.

"ಆರಿಸ್ಬುಡ್ಲಾ ಮೇಡಂ?" ಎಂದ ತಮ್ಮಯ್ಯ.

ರಂಗನಾಯಕಿ ಪರದೆಯನ್ನೇ ನೋಡುತ್ತಿದ್ದಳು. ಅವಳ ಮೈಯಲ್ಲಿ ಹಿತವಾದ ಶಾಖವೊಂದು ಹರಡುತ್ತಿತ್ತು. ತನ್ನ ಮನೆಯಲ್ಲಿ ಕಾಲು ಚಾಚಿ ಕೂತು ಕೈ ನೋಡಿಹೋದ ಒಬ್ಬ ಅಲ್ಲೇ ಮೂರನೆಯ ಸಾಲಿನಲ್ಲಿದ್ದ. ಅವನ ಹೆಸರು ಪರದೆಯಲ್ಲಿತ್ತು, ಪಕ್ಕದಲ್ಲಿ ಬೇರೊಬ್ಬ ಹುಡುಗಿ ಹೇಳಿದ ಕಾರಣ, 'ಬಾಯಿ ವಾಸನೆ' ಎಂದಿತ್ತು. ಅವಳು ಮನಸಾರೆ ನಕ್ಕಳು.

"ಮೇಡಂ, ಆರಿಸ್ಬುಡ್ಲಾ ಅಂತ ಕೇಳ್ದೆ."

"ಇರಿ ತಮ್ಮಯ್ಯ."

ವೇದಿಕೆಯ ಮೇಲೆ ಮುರಳೀಕೃಷ್ಣ ಕಂಡ ಕಂಡ ಗುಂಡಿ ಒತ್ತುತ್ತಿದ್ದ. ಹಾಳೆ ಮುಚ್ಚುವ ಬದಲು ಕೆಳಕ್ಕೆ ಜಾರಿತು. ಈಗ ಅವನ ಹೆಸರೇ ಬಂತು. ಡಾಕ್ಟರ್ ಸರ್ಟಿಫಿಕೇಟಿನ ಮಾತು ಉದ್ದಕ್ಕೆ ಹರಿದು ಪರದೆ ದಾಟಿ ಗೋಡೆಯವರೆಗೂ ಚಾಚಿತ್ತು. ಅದನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ. ಹೆಂಗಸರ ಸಾಲಿನಲ್ಲಿ ಹಸಿರು ಸೀರೆಯ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು, ಎಲ್ಲರೂ ಅವಳ ಕಡೆ ತಿರುಗಿದರು. ರಂಗನಾಯಕಿ ಅವಳನ್ನು ಹಿಂದೆ ನೋಡಿರಲಿಲ್ಲ. ಆದರೆ ಯಾರೆಂದು ತಿಳಿಯಿತು.

ರಂಗನಾಯಕಿ ಪ್ರೊಜೆಕ್ಟರಿನ ವೈರನ್ನು ಕಿತ್ತು ಹಾಕಿದಳು. ಪರದೆ ಬರಿದಾಯಿತು. ಅಷ್ಟರಲ್ಲಿ ಸಂಹಿತಾ ಬಾಗಿಲಾಚೆ ಹೋಗಿದ್ದಳು, ಅವಳ ತಂದೆ ಮೆಟ್ಟು ಹುಡುಕುತ್ತ ಹಿಂದೆ ಓಡುತ್ತಿದ್ದರು.

ಸಮಾವೇಶ ಊಟಕ್ಕೆ ಮುಂಚೆಯೇ ಮುಗಿಯಿತು. ಮುರಳೀಕೃಷ್ಣ ಹಿಂಬಾಗಿಲಿನಿಂದ ಹೋದ ಎಂದು ಆಮೇಲೆ ತಿಳಿಯಿತು. ಅವನ ಮದುವೆಯ ಮಾತು ನಾಲ್ಕು ತಾಲ್ಲೂಕಿನಲ್ಲೂ ಯಾರೂ ಎತ್ತಲಿಲ್ಲ.

ಕೆಲವು ದಿನ ಕಳೆದು ಅಪ್ಪಾಜಿ ಮೇಷ್ಟ್ರು ಸೆಂಟರಿಗೆ ಬಂದರು. ಬೈಯಲು ಬಂದರೆಂದು ರಂಗನಾಯಕಿ ಕಾದಳು. ಅವರು ಕುರ್ಚಿಯಲ್ಲಿ ಕೂತು, ಛತ್ರಿ ಮಡಿಚಿಟ್ಟರು.

"ಆಗಿದ್ದು ಆಗಿ ಹೋಯ್ತು. ಮುಂದಿನ ವರ್ಷ ಅರಕಲಗೂಡಿನಲ್ಲಿ ಮಾಡೋಣ ಅಂತಿದೀವಿ. ಆ ಕಾರಣದ ಕಾಲಂ ಒಂದು ತೆಗೆದುಹಾಕಿ ಕೊಟ್ಟುಬಿಡು. ಉಳಿದದ್ದೆಲ್ಲ ಚೆನ್ನಾಗಿದೆ."

"ಕಾಲಂ ತೆಗೆದರೆ ಕಾರಣ ಹೋಗುತ್ತಾ ಮೇಷ್ಟ್ರೇ?"

"ಕಾಣೋಲ್ಲವಲ್ಲ."

ಅವಳಿಗೆ ಅವರ ಮುಖ ನೋಡಲೂ ಮನಸ್ಸಾಗಲಿಲ್ಲ. ಕಡತಗಳನ್ನು ತಂದು ಮೇಜಿನ ಮೇಲಿಟ್ಟು, "ತಗೊಂಡು ಹೋಗಿ. ನನ್ನ ಜಾತಕವನ್ನೂ ನಿಮ್ಮ ಬೀರುವಿನಿಂದ ತೆಗೆದು ಅಮ್ಮನ ಕೈಗೆ ಕೊಡಿ. ಇನ್ನು ಈ ಬಾಗಿಲಿಗೆ ಬರಬೇಡಿ," ಎಂದಳು. ಮೇಷ್ಟ್ರು, ಶೇಷಾದ್ರಿಯ ಮಗಳು ಹೀಗಾಗಬಾರದಿತ್ತು ಎನ್ನುತ್ತ ಎದ್ದು ಹೋದರು. ತಂದೆಯ ಹೆಸರು ಈ ಸಲ ಅವಳನ್ನು ಅಲುಗಿಸಲಿಲ್ಲ.

ಅಲುಗಿಸಿದ್ದು ಬೇರೆ. ಆ ವಾರವೇ ಸಂಹಿತಾ ಸೆಂಟರಿಗೆ ಬಂದಳು. ಬೆಂಚಿನ ತುದಿಯಲ್ಲಿ ಕೂತು, ಕೊಟ್ಟ ನೀರನ್ನು ಕುಡಿಯಲಿಲ್ಲ.

"ಅರಕಲಗೂಡಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ಊರಿಗೆಲ್ಲ ಸಾರುತ್ತಾಳೆ ಅಂತ ಬಿಟ್ಟರು. ಹೋದರೆ ಹೋಗಲಿ, ನನಗೂ ಅಷ್ಟೇನೂ ಇಷ್ಟ ಇರಲಿಲ್ಲ. ಆದರೆ ಅಕ್ಕ, ಹೆಸರು ಬರಲ್ಲ ಅಂದಿದ್ರಿ ನೀವು."

"ಅಂದಿದ್ದೆ."

"ಆ ಪ್ರೊಜೆಕ್ಟರಿನವರು ಆರಿಸ್ಲಾ ಅಂತ ಕೇಳಿದ್ರಂತೆ. ನಮ್ಮ ಶಾಲೆ ಆಯಾಗೆ ಅವರು ನೆಂಟರು. ನೀವು ಇರಿ ಅಂದ್ರಂತೆ."

ರಂಗನಾಯಕಿ ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. "ಅಂದೆ. ಅವರನ್ನ ನೋಡಿ ನಗ್ತಾ ನಿಂತಿದ್ದೆ. ನೀನಿದೀಯ ಅನ್ನೋದನ್ನ ಮರೆತಿದ್ದೆ."

ಸಂಹಿತಾ ತಲೆಯಾಡಿಸಿದಳು. ಕ್ಷಮಿಸಿದಂತೇನೂ ಅಲ್ಲ, ಕೇಳಬೇಕಾದದ್ದನ್ನು ಕೇಳಿಯಾಯಿತು ಎಂಬಂತೆ. ಎದ್ದು ಹೊರಟಳು. ರಂಗನಾಯಕಿ ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆಯೇ ಬಂದು, "ನಡಿ, ನಿಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ," ಎಂದಳು. ಬೇಡವೆಂದು ಸಂಹಿತಾ ಹೇಳಲಿಲ್ಲ. ಬಾಗೂರಿನವರೆಗೆ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು.

ಸಂಹಿತಾಳ ತಂದೆ ಊರಿನ ದೇವಸ್ಥಾನದ ಅರ್ಚಕರು. ಜಗುಲಿಯ ಮೇಲೆ ಹೂ ಕಟ್ಟುತ್ತ ಕೂತಿದ್ದರು. ಯಾರೆಂದು ತಿಳಿದ ಮೇಲೆ ಬಾ ಎನ್ನಲಿಲ್ಲ. ರಂಗನಾಯಕಿ ನಿಂತೇ ಹೇಳಿದಳು: ಮಾತು ಕೊಟ್ಟದ್ದು ತಾನು, ತಡೆ ಹಾಕದೆ ಬಿಟ್ಟದ್ದು ತಾನು, ತಕ್ಷಣ ಆರಿಸದೆ ನಿಂತದ್ದೂ ತಾನು, ಹುಡುಗಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

"ಮನೆಮನೆ ಹೊಲಸನ್ನ ಒಟ್ಟು ಹಾಕಿ ಪರದೆ ಮೇಲೆ ತೋರಿಸೋದು ವಿದ್ಯೆ ಏನಮ್ಮ?" ಎಂದರು ಅವರು. "ನಿನಗೆ ಮದುವೆ ಆಗಿಲ್ಲ ಅಂತ ಹೇಳಿದರು. ನೋಡಿದರೆ ಯಾಕೆ ಅಂತ ಗೊತ್ತಾಗುತ್ತೆ."

ಬೇರೆ ಯಾರಾದರೂ ಆಡಿದ್ದರೆ ಅವಳ ಬಳಿ ಈ ಮಾತಿಗೆ ಸಿದ್ಧವಾದ ಉತ್ತರವಿತ್ತು. ಇವತ್ತು ನುಂಗಿಕೊಂಡಳು. ಅವರು ಇನ್ನೂ ನಾಲ್ಕು ಮಾತು ಆಡಿದರು, ಅವಳು ಅದನ್ನೂ ನಿಂತು ಕೇಳಿದಳು. ಮಾತು ಮುಗಿದ ಮೇಲೆ ಅವರು ಹೂವಿನ ದಾರ ಕೆಳಗಿಟ್ಟು ಕೇಳಿದರು:

"ಅಲ್ಲಿ ಬರೆದಿತ್ತಲ್ಲ, ಡಾಕ್ಟರ ಮಾತು. ಅದು ನಿಜವಾ?"

"ನನ್ನ ಕೇಳಬೇಡಿ," ಎಂದಳು ರಂಗನಾಯಕಿ. "ಮಗಳು ಇಲ್ಲೇ ಇದಾಳೆ."

ಅವರು ಬಾಗಿಲಲ್ಲಿ ನಿಂತಿದ್ದ ಸಂಹಿತಾಳ ಕಡೆ ನೋಡಿದರು. ವರ್ಷವಿಡೀ ಅಹಂಕಾರಿ ಎಂದು ಬೈದ ಮಗಳನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ನನ್ನ ಹತ್ರ ಯಾಕಮ್ಮ ಹೇಳಲಿಲ್ಲ?"

"ನೀವು ಯಾಕೆ ಅಂತ ಕೇಳಲೇ ಇಲ್ಲವಲ್ಲಪ್ಪ. ಒಪ್ಪಿಕೋ ಅಂದ್ರಿ, ಅಷ್ಟೇ."

ಅವರು ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಜಗುಲಿಯ ಮೇಲೆ ಜಾಗ ಮಾಡಿದರು. ಯಾರಿಗೆ ಎಂದು ಹೇಳಲಿಲ್ಲ. ಸಂಹಿತಾ ಬಂದು ಕೂತಳು. ಹಾಸನದ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ರಂಗನಾಯಕಿ ಅಂಗಳದಿಂದ ಹೊರಬಿದ್ದು ರಸ್ತೆಯ ಕಡೆಗೆ ನಡೆದಳು.